ವಿಠೋಬಾನ ಕೆಮ್ಮಿನ ವಿಚಾರಣೆ

ಕೆಮ್ಮು ಶುರುವಾಗಿ ಮೂರು ವಾರವಾಗಿತ್ತು. ಆದರೆ ಅದು ರಂಪವಾದದ್ದು ಇವತ್ತು ಬೆಳಿಗ್ಗೆ ಏಳೂವರೆಗೆ, ಬನಹಟ್ಟಿಯ ವಿಠೋಬಾನ ಮನೆಯಲ್ಲಿ. ಮುಧೋಳದಿಂದ ಬಂದಿದ್ದ ಅವನ ಹೆಂಡತಿಯ ತಮ್ಮ ಸುಭಾಷ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎದುರಿಗೇ ಕೂತಿದ್ದ. ಆಗಷ್ಟೇ ಸ್ನಾನ ಮುಗಿಸಿ ಬಂದ ವಿಠೋಬಾ ಬಸಿಯಲ್ಲಿ ಚಹಾ ಸುರುವಿಕೊಂಡು ತುಟಿಗೆ ಹಚ್ಚಿದ. ಸರಿಯಾಗಿ ಆ ಗಳಿಗೆಗೆ ಕೆಮ್ಮು ಬಂತು. ಬಸಿಯಲ್ಲಿದ್ದ ಚಹಾ ಅಷ್ಟೂ ಸುಭಾಷನ ಅಂಗಿಯ ಪಾಲಾಯಿತು.

"ಅಕ್ಕಾ!" ಎಂದು ಸುಭಾಷ ಜಿಗಿದು ನಿಂತ. "ಈ ಮಗ್ಗ ಮನ್ಯಾಗ ಇರೂತನಕಾ ಮಾಮಾನ ಕೆಮ್ಮು ಹೋಗಂಗಿಲ್ಲ ನೋಡ. ಎಲ್ಲಾ ಅದರ ಧೂಳ ಮಾಡೂದು."

ಸುಭಾಷನಿಗೆ ಮಾಮಾನ ಎದೆಗಿಂತ ಮಗ್ಗದ ಕಂಬಗಳ ಮೇಲೆ ಕಾಳಜಿ ಹೆಚ್ಚು. ಮುಧೋಳದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ, ಪಡಸಾಲೆಗೊಂದು ತೂಗುಮಂಚ ಮಾಡಿಸುವ ಆಸೆಯಿತ್ತು. ವಿಠೋಬಾನ ಅಜ್ಜ ಮಾಡಿಸಿದ ಮಗ್ಗದ ಕಂಬಗಳು ಅಪ್ಪಟ ಸಾಗವಾನಿಯವು, ಕೈಯಾಡಿ ಕೈಯಾಡಿ ನುಣ್ಣಗಾದವು. ಸುಭಾಷ ಬಂದಾಗಲೆಲ್ಲ ಆ ಕಂಬ ಸವರಿ ನಿಟ್ಟುಸಿರು ಬಿಡುತ್ತಿದ್ದ. ಈ ಸಲ ಟೆಂಪೋ ಹೊಡೆದುಕೊಂಡೇ ಬಂದಿದ್ದ. ಕೇಳಿದರೆ, ಸಿಮೆಂಟ್ ಒಯ್ಯಲು ಬಂದೆ ಎಂದಿದ್ದ. ಮುಧೋಳದಲ್ಲಿ ಸಿಗದ ಸಿಮೆಂಟ್ ಬನಹಟ್ಟಿಯಲ್ಲಿ ಯಾವುದು ಸಿಗುತ್ತದೋ ದೇವರಿಗೇ ಗೊತ್ತು.

ಆ ಮಗ್ಗದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ವಿಠೋಬಾ ಚಿಕ್ಕವನಿದ್ದಾಗ ಈ ಓಣಿಯಲ್ಲಿ ಕೈಮಗ್ಗವಿಲ್ಲದ ಮನೆ ಇರಲಿಲ್ಲ. ನಸುಕಿನಲ್ಲಿ ಮೊದಲು ಅವನ ಅಪ್ಪನ ಮಗ್ಗ ಕಟ್ ಕಟ್ ಎನ್ನುತ್ತಿತ್ತು. ಎದುರು ಮನೆಯದು ಅದಕ್ಕೆ ಉತ್ತರ ಕೊಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಇಡೀ ಓಣಿ ಮಾತಾಡುತ್ತಿತ್ತು. ಹೆಂಗಸರು ಕಂಡಿಕೆಗೆ ನೂಲು ಸುತ್ತುತ್ತ ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ಮುಟ್ಟಿಸುತ್ತಿದ್ದರು. ಆಮೇಲೆ ಪಾವರ್‌ಲೂಮ್ ಬಂದವು. ವಿಠೋಬಾನೂ ಪಾವರ್‌ಲೂಮಿನ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ದುಡಿದು ಕಿವಿ ಅರ್ಧ ಮಂದ ಮಾಡಿಕೊಂಡ. ಈಗ ಅರವತ್ನಾಲ್ಕರ ಪ್ರಾಯದಲ್ಲಿ ಮನೆಯಲ್ಲಿದ್ದಾನೆ. ಓಣಿಯಲ್ಲಿ ಉಳಿದ ಕೈಮಗ್ಗ ಅವನದೊಂದೇ. ದಿನಾ ಸಂಜೆ ಎರಡು ತಾಸು ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ. ಯಾರೂ ಹೇಳದ, ಯಾರೂ ಕೇಳದ ಒಂದು ಸೀರೆ ಅದರ ಮೇಲೆ ಮುಕ್ಕಾಲು ಆಗಿದೆ. ಆ ಎರಡು ತಾಸು ಅವನ ಅಪ್ಪ ಪಕ್ಕದಲ್ಲೇ ಇದ್ದಂತೆ ಅವನಿಗೆ ಅನಿಸುತ್ತದೆ. ಇದನ್ನು ಅವನು ಯಾರ ಮುಂದೆಯೂ ಹೇಳಿಲ್ಲ, ಹೇಳಿದರೆ ನಗುತ್ತಾರೆಂದು.

ಹೆಂಡತಿ ಶೇವಂತಿ ತಮ್ಮನ ಅಂಗಿ ನೋಡಿದಳು, ಗಂಡನ ಮುಖ ನೋಡಿದಳು, ತೀರ್ಮಾನಕ್ಕೆ ಬಂದಳು.

"ಇವತ್ತ ಜಮಖಂಡಿಗಿ ಹೋಗಿ ಎದಿ ಡಾಕ್ಟರಿಗಿ ತೋರ್ಸ್ಕೊಂಡ ಬರ್ರಿ. ಅವರು ಮಗ್ಗದ ಧೂಳ ಅಂದ್ರ, ಸಂಜಿಕ ಮಗ್ಗ ಸುಭಾಷನ ಟೆಂಪೋದಾಗ. ಧೂಳ ಅಲ್ಲ ಅಂದ್ರ, ನಾ ಸಾಯೂತನಕಾ ಮಗ್ಗದ ಸುದ್ದಿ ತಗಿಯೂದಿಲ್ಲ. ಆತಿಲ್ಲೋ?"

"ಆತು," ಎಂದ ವಿಠೋಬಾ. ಬೇರೆ ಏನು ಹೇಳಿದ್ದರೂ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಭೀಮಶಿ ಹಾಜರಾದ. ಓಣಿಯ ತುದಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅಂಗಡಿಯಲ್ಲಿ ಕೂರುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಅವನಿಗೆ ಇಷ್ಟ. ಓಣಿಯಲ್ಲಿ ಯಾರಿಗೆ ಜಡ್ಡಾದರೂ ಜೊತೆಗೆ ಹೋಗುವವನು ಅವನೇ. ಹಾಗೆ ಹೋಗಿ ಹೋಗಿ ತಾನು ಮುಕ್ಕಾಲು ಡಾಕ್ಟರ್ ಆಗಿದ್ದೇನೆಂದು ಅವನ ನಂಬಿಕೆ.

"ಕಾಕಾ, ಕೆಮ್ಮಿ ತೋರ್ಸ್ರಿ ಒಂದೀಟ," ಎಂದ. ವಿಠೋಬಾ ಕೆಮ್ಮಿದ. ಭೀಮಶಿ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದ. "ಟಿಬಿ, ದಮ್ಮು, ನಿಮೋನಿಯಾ. ಮೂರರಾಗ ಒಂದ ಅಂತೂ ಖರೆ."

ಪಕ್ಕದ ಮನೆಯ ಸಾವಿತ್ರೆವ್ವ ಗೋಡೆಯಾಚೆಯಿಂದಲೇ ಕೂಗಿ ಹೇಳಿದಳು: "ಏನೂ ಅಲ್ಲ ಅದು! ಜೇಷ್ಠಮಧ ನೀರಾಗ ಕುದಿಸಿ ಕುಡಿಸ್ರಿ. ನನಗೂ ದಮ್ಮ ಐತಿ, ಯಾವ ಡಾಕ್ಟರ್ ಏನ್ ಮಾಡ್ಯಾರ? ಬಾಯಿಗಿಟ್ಟ ಎಳಿಯೂ ಪಂಪ್ ಕೊಟ್ಟಾರ, ನಾಕ ವರ್ಷಾತು, ದೇವರ ಮಾಡದಾಗ ಇಟ್ಟೇನಿ. ದಿನಾ ಕುಂಕುಮ ಹಚ್ಚತೇನಿ."

ಜಮಖಂಡಿಯ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ವಿಠೋಬಾ ಹತ್ತಿ ಒಮ್ಮೆ ಕೆಮ್ಮಿದ. ಕೊರೊನಾ ಕಂಡ ಜನ, ಹಿಂದೆ ಮುಂದೆ ನೋಡದೆ ಮೂವರು ಕೂರುವ ಸೀಟನ್ನು ಪೂರ್ತಿ ಬಿಟ್ಟುಕೊಟ್ಟು ಎದ್ದರು. ಭೀಮಶಿ ಕಿಟಕಿ ಪಕ್ಕ ಆರಾಮಾಗಿ ಕೂತ.

"ಕಾಕಾ, ಇದ ಛಲೋ ಆತು. ಹೊಳ್ಳಿ ಬರೂ ಮುಂದೂ ಹಿಂಗ ಕೆಮ್ರಿ."

ದಾರಿಯುದ್ದಕ್ಕೂ ಎರಡೂ ಬದಿ ಕಬ್ಬು. ಟ್ರ್ಯಾಕ್ಟರ್‌ಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿಕೊಂಡು ತೇಕುತ್ತಿದ್ದವು. ವಿಠೋಬಾನ ಕಣ್ಣಿಗೆ ಅದಾವುದೂ ಬೀಳಲಿಲ್ಲ. ಮಗ್ಗದ ಸುದ್ದಿ ಬಾಯಿಗೆ ಬಾರದಂತೆ ಡಾಕ್ಟರ ಮುಂದೆ ಹೇಗೆ ಮಾತಾಡಬೇಕೆಂದು ಅವನು ಯೋಚಿಸುತ್ತಿದ್ದ.

ಡಾಕ್ಟರ್ ಉಜ್ವಲಾ ಧಾರವಾಡದ ಕಡೆಯವರು, ಬಂದು ವರ್ಷವೂ ಆಗಿರಲಿಲ್ಲ. ಬೆನ್ನ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಕಫದಲ್ಲಿ ರಕ್ತ ಬಂದಿತ್ತೇ ಎಂದು ಒಂದೊಂದಾಗಿ ವಿಚಾರಿಸಿದರು. ಎಲ್ಲಕ್ಕೂ ಇಲ್ಲ ಎಂದ ವಿಠೋಬಾ, ತಾನು ಪಾಸಾಗುತ್ತಿದ್ದೇನೆ ಎಂದುಕೊಂಡ.

"ಏನ್ ಉದ್ಯೋಗ ನಿಮ್ದು?"

"ಈಗೇನಿಲ್ರಿ ಮೇಡಮ್ಮಾರ. ಮನ್ಯಾಗ ಸುಮ್ನ ಕುಂತಿರ್ತೇನ್ರಿ."

"ಮಗ್ಗದ ಕುಣ್ಯಾಗ ಕುಂತಿರ್ತಾರ್ರಿ," ಎಂದ ಭೀಮಶಿ. ವಿಠೋಬಾ ಅವನ ಕಾಲು ತುಳಿದ. ಭೀಮಶಿಗೆ ಇನ್ನೂ ಹುರುಪು ಬಂತು. "ಇಪ್ಪತ್ತೈದ ವರ್ಷ ಪಾವರ್‌ಲೂಮಿನ ಅಳ್ಳಿ, ಹತ್ತಿ ಧೂಳ, ನುಂಗ್ಯಾರ್ರಿ. ನಾ ಏನೂ ಮುಚ್ಚಿಡಂಗಿಲ್ಲ, ಡಾಕ್ಟರ್ ಮುಂದ ಸುಳ್ಳ ಹೇಳಬಾರ್ದು."

ಡಾಕ್ಟರು ಚೀಟಿಯ ಮೇಲೆ ಏನೋ ಉದ್ದವಾಗಿ ಬರೆದರು. ಬರೆದದ್ದು ಮಗ್ಗದ ಮರಣಪತ್ರವೇ ಎಂದುಕೊಂಡ ವಿಠೋಬಾ.

"ಎರಡ ವಾರಕ್ಕಿಂತ ಹೆಚ್ಚ ಕೆಮ್ಮಿದ್ರ ಕಫಾ ನೋಡ್ಲೇಬೇಕು. ಒಂದ ಎಕ್ಸ್‌ರೇ ತಗಸ್ರಿ. ಆಮೇಲೆ ಊದೂದೊಂದ ಪರೀಕ್ಷಾ ಐತಿ. ಎಲ್ಲಾ ಮುಗಿಸ್ಕೊಂಡ ಬರ್ರಿ, ಅಲ್ಲೀತನಕಾ ನಾ ಏನೂ ಹೇಳಂಗಿಲ್ಲ."

ಕಫ ಕೊಟ್ಟಾಯಿತು, ಎಕ್ಸ್‌ರೇ ಆಯಿತು. ಗೊಂದಲ ಶುರುವಾದದ್ದು ಊದುವ ಕೋಣೆಯಲ್ಲಿ. ಅಲ್ಲಿ ಅಕ್ಷತಾ ಎಂಬ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ಯಂತ್ರಕ್ಕೊಂದು ಪುಟ್ಟ ನಳಿಗೆ, ಎದುರಿಗೊಂದು ಪರದೆ.

"ಅಜ್ಜಾ, ಉಸರ ತುಂಬ ತಗೊಳ್ರಿ. ಆಮೇಲೆ ಈ ನಳಗಿ ಬಾಯಾಗ ಹಿಡ್ಕೊಂಡ ಒಮ್ಮೆಲೇ ಜೋರ ಊದ್ರಿ. ಆತಾ?"

"ಆತವಾ."

ವಿಠೋಬಾ ಉಸಿರು ತೆಗೆದುಕೊಂಡ. ನಳಿಗೆ ತುಟಿಗೆ ತಾಗಿತು. ಸುರ್ರ್ ಎಂದು ಎಳೆದ. ಪರದೆಯ ಗೆರೆ ಮೇಲೇರುವ ಬದಲು ಕೆಳಗಿಳಿಯಿತು.

"ಊದ್ರಿ ಅಂದ್ರ ಎಳೀತೀರಲ್ರಿ?"

"ಊದಿದ್ನಲ್ಲವಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಊದಿದೆ ಎಂದೇ ನಂಬಿದ್ದ. ಮತ್ತೆ ಮಾಡಿಸಿದಳು, ಮತ್ತೆ ಎಳೆದ. "ಊದುಗೊಳವಿಯಿಂದ ಒಲಿ ಊದಿದಂಗ" ಎಂದಳು. ಒಲೆ ಊದುವುದು ಶೇವಂತಿಯ ಕೆಲಸ, ತನಗೆ ರೂಢಿಯಿಲ್ಲ ಎಂದ. ಬಲೂನು ಎಂದಳು, ಪೀಪಿ ಎಂದಳು, ಕೊನೆಗೆ ತಾನೇ ಊದಿ ತೋರಿಸಿ ಕೆಂಪಾದಳು. ನಾಲ್ಕನೆಯ ಸಲವೂ ಅವನು ಎಳೆದ. ಊದಿದ ಲೆಕ್ಕ ತೋರಿಸುವ ಜಾಗದಲ್ಲಿ ಯಂತ್ರ ದೊಡ್ಡ ಸೊನ್ನೆ ತೋರಿಸಿತು. ಅಕ್ಷತಾ ಬೇಸತ್ತು ಡಾಕ್ಟರನ್ನು ಕರೆಯಲು ಎದ್ದಳು.

ಬಾಗಿಲಲ್ಲಿ ಇಣುಕುತ್ತಿದ್ದ ಭೀಮಶಿ ಸೊನ್ನೆಯನ್ನು ಕಂಡ. ಅವನಿಗೆ ಅಷ್ಟು ಸಾಕಾಗಿತ್ತು. ಹೊರಗೆ ಹೋಗಿ ಓಣಿಯ ಮೂರು ಮನೆಗೆ ಫೋನು ಹಚ್ಚಿದ.

"ಕಾಕಾನ ಎದ್ಯಾಗ ಉಸರ ಸೊನ್ನಿ ಐತಂತ. ಮಷೀನ್ ನಾಕ ಸಲ ನೋಡೇತಿ. ಕಾಕೂಗ ಒಮ್ಮೆಲೇ ಹೇಳಬ್ಯಾಡ್ರಿ, ಸಾವಕಾಶ ಹೇಳ್ರಿ."

ಸಾವಕಾಶ ಹೇಳುವ ಜನ ಆ ಓಣಿಯಲ್ಲಿ ಯಾರೂ ಇರಲಿಲ್ಲ. ಐದು ನಿಮಿಷದಲ್ಲಿ ವಿಠೋಬಾನ ಫೋನು ಹೊಡೆದುಕೊಂಡಿತು. ಆ ಕಡೆ ಶೇವಂತಿ ಹೋ ಎಂದು ಅಳುತ್ತಿದ್ದಳು.

"ಉಸರ ಇಲ್ಲಂತಲ್ರೀ ನಿಮಗ!"

"ಏ ಹುಚ್ಚಿ, ನಾ ಮಾತಾಡಾಕತ್ತೇನಿ. ಉಸರ ಇಲ್ದ ಮಾತಾಡ್ತಾರೇನ?"

"ನೀವು ಮದಲಿಂದ್ಲೂ ಹಿಂಗ. ಏನಾದ್ರೂ ನನ್ನ ಮುಂದ ಹೇಳಂಗಿಲ್ಲ!" ಎಂದು ಅವಳು ಇನ್ನಷ್ಟು ಅತ್ತಳು. ಹಿಂದಿನಿಂದ ಹತ್ತಾರು ಹೆಂಗಸರ ದನಿ, ಮನೆ ತುಂಬಿದ ಸದ್ದು. ಸುಭಾಷ ಯಾರಿಗೋ "ಕಂಬ ಬಿಚ್ಚೂದೇನ ಹತ್ತ ನಿಮಿಷದ ಕೆಲಸ" ಎನ್ನುವುದೂ ಕೇಳಿಸಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಇನ್ನೊಮ್ಮೆ ಮಾಡಿಸಿ, ಅವನ ತುಟಿಯನ್ನೇ ನೋಡುತ್ತ ನಿಂತರು.

"ಅಜ್ಜಾರ, ತುಟಿ ಹಿಂಗ ಮಾಡೂದು ಎಲ್ಲಿ ಕಲ್ತ್ರಿ?"

ವಿಠೋಬಾ ಆಗ ತನ್ನ ತುಟಿ ಮುಟ್ಟಿ ನೋಡಿಕೊಂಡ. ಅವನಿಗೆ ಹೊಳೆಯಿತು. ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು.

"ಲಾಳಿರಿ ಮೇಡಮ್ಮಾರ. ಮಗ್ಗದ ಲಾಳಿ. ಅದರೊಳಗ ಹೊಸಾ ಕಂಡಿಕಿ ಹಾಕಿದ ಮ್ಯಾಲ ನೂಲಿನ ತುದಿ ಹೊರಗ ತಗೀಬೇಕಲ್ರಿ? ಬಾಜೂಕ ಒಂದ ಸಣ್ಣ ತೂತ ಇರತೈತಿ. ತುಟಿ ಹಚ್ಚಿ ಸುರ್ರಂತ ಎಳದ್ರ ನೂಲು ಬಾಯಿಗಿ ಬರತೈತಿ. ದಿನಕ್ಕ ಎಷ್ಟ ಸಲಂತ ಲೆಕ್ಕ ಇಡೂದು? ಸಣ್ಣದೊಂದ ತೂತ ತುಟಿಗಿ ಬಂತಂದ್ರ ನನಗ ಎಳಿಯೂದೊಂದ ಗೊತ್ತರಿ."

ಒಂಬತ್ತು ವರ್ಷದವನಿದ್ದಾಗ ಅಪ್ಪ ಮೊದಲ ಸಲ ಲಾಳಿ ಕೈಗೆ ಕೊಟ್ಟು "ಎಳೀಲೇ" ಎಂದಿದ್ದ. ಮೂರು ಸಲ ಗಾಳಿ ಬಂತು. ನಾಲ್ಕನೆಯ ಸಲ ನೂಲು ನಾಲಿಗೆಗೆ ಬಂತು, ಗಂಜಿಯ ರುಚಿಯೊಂದಿಗೆ. ಅಪ್ಪ ಏನೂ ಮಾತಾಡದೆ ತಲೆ ಸವರಿದ್ದ. ಅಪ್ಪ ಎಳೆದ ಲಾಳಿಯನ್ನೇ ಅಪ್ಪನ ತಮ್ಮ ಕಾಕಾ ಎಳೆಯುತ್ತಿದ್ದ, ಕಾಕಾ ಎಳೆದದ್ದನ್ನು ಇವನು. ಆ ಲಾಳಿಗೆ ಮನೆಮಂದಿಯೆಲ್ಲರ ತುಟಿಯ ಗುರುತಿತ್ತು ಎಂದ ವಿಠೋಬಾ.

"ಒಬ್ಬರಿಗೆ ಟಿಬಿ ಇದ್ರ ಎಲ್ಲಾರಿಗೂ ಹಂಚಿದಂಗ ಆಗ್ತಿತ್ತಲ್ರಿ," ಎಂದರು ಡಾಕ್ಟರು.

ವಿಠೋಬಾ ನಳಿಗೆ ಕೆಳಗಿಟ್ಟ. "ಕಾಕಾ ಹಂಗ ಹೋದಾರಿ. ಆಮೇಲೆ ಅಪ್ಪ. ಅವಾಗ ಯಾರಿಗಿ ಗೊತ್ತಿತ್ತರಿ?"

ಭೀಮಶಿ ಕೈಯಲ್ಲಿದ್ದ ಫೋನು ಕೆಳಗಿಳಿಸಿದ.

"ಆತು ಬರ್ರಿ," ಎಂದರು ಡಾಕ್ಟರು ಮೆತ್ತಗೆ. "ಸೀರಿ ನೇದ ಮುಗಿಸೀರಿ ಅನ್ಕೋರಿ. ಅಂಚಿನ ಮ್ಯಾಲ ಅಳ್ಳಿ ಕುಂತೈತಿ. ಕೈ ಹಚ್ಚಿದ್ರ ಹೊಲಸಾಗತೈತಿ. ಏನ್ ಮಾಡ್ತೀರಿ?"

ವಿಠೋಬಾ ಊದಿದ. ಪರದೆಯ ಗೆರೆ ಗುಡ್ಡದಂತೆ ಎದ್ದಿತು. ಅಕ್ಷತಾ ಚಪ್ಪಾಳೆ ತಟ್ಟಿದಳು. ಡಾಕ್ಟರು ಪಂಪಿನಿಂದ ಔಷಧ ಎಳೆಸಿ, ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸಿದರು. ಗುಡ್ಡ ಇನ್ನೂ ಎತ್ತರವಾಯಿತು.

ಮೂರು ಗಂಟೆಗೆ ತೀರ್ಪು ಬಂತು. ಕಫದಲ್ಲಿ ಟಿಬಿ ಇಲ್ಲ. ಎಕ್ಸ್‌ರೇ ಶುದ್ಧ. ಪಂಪ್ ಎಳೆದ ಮೇಲೆ ಉಸಿರಿನ ದಾರಿ ತೆರೆದುಕೊಂಡಿತು, ಅಂದರೆ ಇದು ದಮ್ಮು, ಅಸ್ತಮಾ. ಔಷಧ ದಿನಾ ತಪ್ಪದೆ ಎಳೆದು ಬಾಯಿ ಮುಕ್ಕಳಿಸಿದರೆ ಹದ್ದುಬಸ್ತಿನಲ್ಲಿರುತ್ತದೆ.

"ಮತ್ತ... ಯಾದರಿಂದ ಬಂತರಿ?" ಎಂದು ಕೇಳಿದ ವಿಠೋಬಾ.

"ಕೆಮ್ಮು ಯಾವಾಗ ಜಾಸ್ತಿ?"

"ಮುಂಜಾನೆದ್ದ ಜಳಕಾ ಮಾಡೂ ಮುಂದರಿ."

"ನೀರ ಎದರ ಮ್ಯಾಲ ಕಾಸ್ತೀರಿ?"

"ಒಲಿ ಮ್ಯಾಲರಿ. ಪಾವರ್‌ಲೂಮಿನ ಹರಕ ಚಿಂದಿ, ಎಣ್ಣಿ ನೂಲು, ಎಲ್ಲಾ ಅದರಾಗ ಹಾಕತಾಳ್ರಿ ನನ್ನ ಹೇಂತಿ."

"ಮದಲ ಅದನ್ನ ಬಂದ ಮಾಡ್ರಿ. ಮಗ್ಗದ ಮ್ಯಾಲ ಕುಂತಾಗ ಕೆಮ್ಮು ಬರತೈತೇನು?"

"ಒಂದಿನಾನೂ ಇಲ್ರಿ!"

"ಹಂಗಾರ ಸದ್ಯಕ್ಕ ಮಗ್ಗ ಇರ್ಲಿ. ಮಾರಿಗಿ ಬಟ್ಟಿ ಕಟ್ಕೊಂಡ ಕುಂಡ್ರ್ರಿ. ತಿಂಗಳ ಬಿಟ್ಟ ಮತ್ತ ನೋಡೂಣು."

"ಅದನ್ನ ಚೀಟಿ ಮ್ಯಾಲ ಬರದ ಕೊಡ್ರಿ ಮೇಡಮ್ಮಾರ," ಎಂದು ವಿಠೋಬಾ ಕೈಮುಗಿದ. "ದೊಡ್ಡ ಅಕ್ಷರದಾಗ."

ಅಪರಾಧಿ ಶೇವಂತಿಯ ಒಲೆ! ವಿಠೋಬಾನಿಗೆ ಕೂತಲ್ಲೇ ಹತ್ತು ವರ್ಷ ಇಳಿದಂತಾಯಿತು. ಚೀಟಿ ಬರೆದು ಕೊಟ್ಟ ಡಾಕ್ಟರು, ಹೊರಗೆ ಕೂತವರತ್ತ ಕೈ ಮಾಡಿ ನಿಟ್ಟುಸಿರು ಬಿಟ್ಟರು. ಪಂಪನ್ನು ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ಹೊಂದಿಕೆ ಬೇಕು. ಒಬ್ಬರಿಗೂ ಬರುವುದಿಲ್ಲ. ಒತ್ತಿ ಆಮೇಲೆ ಎಳೆಯುತ್ತಾರೆ, ಎಳೆದು ಆಮೇಲೆ ಒತ್ತುತ್ತಾರೆ, ಅರ್ಧ ಔಷಧ ಗಾಳಿಗೆ. ವಿಠೋಬಾನಷ್ಟು ಸರಿಯಾಗಿ ಮೊದಲ ಸಲಕ್ಕೇ ಎಳೆದವರನ್ನು ತಾವು ಕಂಡಿಲ್ಲ ಎಂದರು.

ಜೀವಮಾನದಲ್ಲಿ ಯಾರೂ ವಿಠೋಬಾನನ್ನು ಹೀಗೆ ಹೊಗಳಿರಲಿಲ್ಲ. ಹೊರಗೆ ಹೋಗಿ ಬೆಂಚಿನ ಮೇಲಿದ್ದ ಮೂವರಿಗೆ ಅಲ್ಲೇ ಪಾಠ ಮಾಡಿದ. "ಲಾಳಿ ಅನ್ಕೋರಿ ಅದನ್ನ. ಕೈ ಒತ್ತೂದು, ತುಟಿ ಎಳಿಯೂದು ಒಂದ ಹೊತ್ತಿಗಿ. ಆಮೇಲೆ ಬಾಯಿ ಮುಚ್ಚಿ ಹತ್ತ ಎಣಸ್ರಿ." ಮೂವರೂ ಕಲಿತರು. ಆ ಉಬ್ಬಿನಲ್ಲಿ ಅವನು ಡಾಕ್ಟರ ಬಾಗಿಲಿಗೆ ತಲೆ ಹಾಕಿ ಹೇಳಿಯೇಬಿಟ್ಟ: "ರಬಕವಿ-ಬನಹಟ್ಟಿ ಕಡೇ ಮಂದೀನ್ನೆಲ್ಲಾ ನಮ್ಮ ಮನಿಗೇ ಕಳಸ್ರಿ ಮೇಡಮ್ಮಾರ. ಬರೂವಷ್ಟ ಬರ್ಲಿ. ನಾ ಕಲಸ್ತೇನಿ!"

ಐದೂವರೆಗೆ ಮನೆ ಮುಟ್ಟಿದಾಗ ಪಡಸಾಲೆಯ ತುಂಬ ಜನ. ವಿಠೋಬಾ ನೆಟ್ಟಗೆ ನಡೆದು ಬಂದದ್ದು ಕಂಡು ಕೆಲವರ ಮುಖ ಸಪ್ಪಗಾಯಿತು. ಶೇವಂತಿ ಕಣ್ಣೊರೆಸಿಕೊಂಡು ಚೀಟಿ ಓದಿದಳು. ಒಲೆಯ ಸುದ್ದಿ ಬಂದಲ್ಲಿ ಸ್ವಲ್ಪ ತಡೆದಳು. ಆದರೆ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

"ಸುಭಾಷ, ಟೆಂಪೋ ಖಾಲೀನ ತಗೊಂಡ ಹೋಗ. ಮಗ್ಗ ಎಲ್ಲೂ ಹೋಗಂಗಿಲ್ಲ."

ವಿಠೋಬಾ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಣಿಗೆ ಇಳಿದ. ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡಿತು. ಕಟ್ ಕಟ್ ಎಂದಿತು ಮಗ್ಗ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

"ವಿಠೂ, ನನಗೂ ಒಂದೀಟ ತೋರಸಪಾ," ಎನ್ನುತ್ತ ಸಾವಿತ್ರೆವ್ವ ಮಗ್ಗದ ಪಕ್ಕ ಬಂದು ಕೂತಳು. ಕೈಯಲ್ಲಿ ಆಗಷ್ಟೇ ಕುಂಕುಮ ಒರೆಸಿದ ಪಂಪ್. ಭೀಮಶಿ ದಾರಿಯಲ್ಲೇ ಎಲ್ಲರಿಗೂ ಡಂಗುರ ಸಾರಿದ್ದ. ವಿಠೋಬಾ ಪಂಪಿನ ಮೇಲಿನ ತಾರೀಖು ನೋಡಿ, ಇದರ ಕಾಲ ಮುಗಿದಿದೆ, ನಾಳೆ ಹೊಸದು ತರಿಸೋಣ, ಈಗ ಬರೀ ಎಳೆಯುವ ಕ್ರಮ ಕಲಿ ಎಂದ. ಅವಳು ಬಾಯಿ ತೆರೆದು ಉದ್ದಕ್ಕೆ ಉಸಿರೆಳೆದಳು. ಮಗ್ಗದಿಂದ ಎದ್ದ ಅಳ್ಳಿ ಒಳಗೆ ಹೋಯಿತು. ಒಂದು ಸೀನು, ಎರಡು ಸೀನು, ಆಮೇಲೆ ಅವಳ ಎದೆ ಕುಯ್ ಕುಯ್ ಎನ್ನತೊಡಗಿತು. ಮುಖ ಕಪ್ಪಿಟ್ಟಿತು. ವಿಠೋಬಾ ತನ್ನ ಹೊಸ ಪಂಪನ್ನೇ ಅವಳ ಬಾಯಿಗಿಟ್ಟು ಎಳೆಸಿದ. ಹೆಂಗಸರು ಅವಳನ್ನು ಎತ್ತಿ ಹೊರಗೆ ಒಯ್ದರು. ಕಾಲು ತಾಸಾದ ಮೇಲೆ ಅವಳಿಗೆ ಮಾತು ಬಂತು.

ಶೇವಂತಿ ಮಗ್ಗವನ್ನು ನೋಡಿದಳು. ಬಾಯಿ ತೆರೆಯಲಿಲ್ಲ, ಮಾತು ಕೊಟ್ಟಿದ್ದಳಲ್ಲ.

ಅದೇ ಹೊತ್ತಿಗೆ ಫೋನು ಬಂತು. ಅಕ್ಷತಾ. "ಅಜ್ಜಾ, ಮೇಡಮ್ಮಾರ ಒಂಬತ್ತ ಮಂದೀಗ ನಿಮ್ಮ ಹೆಸರ ಕೊಟ್ಟಾರ. ನಾಳೆಯಿಂದ ಬರ್ತಾರ. ಮನ್ಯಾಗ ಧೂಳ, ಅಳ್ಳಿ ಇಲ್ದಂಗ ನೋಡ್ಕೋರಿ. ನಿಮಗೇನೂ ಆಗಲಿಕ್ಕಿಲ್ಲ, ಅವರಿಗಿ ತಡಿಯೂದಿಲ್ಲ."

ಕಟ್ಟೆಯ ಮೇಲೆ ಕಲಿಸೋಣವೇ ಎಂದು ವಿಠೋಬಾ ಹೊರಗೆ ನೋಡಿದ. ಯಾರದೋ ಹೊಲದಲ್ಲಿ ಕಟಾವಾದ ಕಬ್ಬಿನ ಒಣ ರವದಿಗೆ ಬೆಂಕಿ ಹಚ್ಚಿದ್ದರು, ಓಣಿಯಲ್ಲಿ ಹೊಗೆ ಇಳಿಯುತ್ತಿತ್ತು. ಹಾಗಾದರೆ ಯಾರನ್ನೂ ಕಳಿಸಬೇಡಿ ಎಂದುಬಿಡೋಣ ಎಂದು ಫೋನು ಹೊರಳಿ ಹಚ್ಚುವುದರಲ್ಲಿದ್ದ. ಅದು ತಾನೇ ಹೊಡೆದುಕೊಂಡಿತು. ಗುರುತಿಲ್ಲದ ಹೆಣ್ಣುದನಿ, ಎರಡು ಶಬ್ದಕ್ಕೊಮ್ಮೆ ನಿಂತು ದಣಿವಾರಿಸಿಕೊಳ್ಳುವ ದನಿ.

"ವಿಠೋಬಾ ಕಾಕಾ ಏನ್ರಿ?... ನಾ ರಬಕವಿ ನಂದಾ ಅಂತರಿ... ನಾಳೆ ಎಷ್ಟಕ್ಕ... ಬರ್ಲಿರಿ?"

ಅವನ ಅಪ್ಪನೂ ಕೊನೆಯ ವರ್ಷ ಹೀಗೇ ಮಾತಾಡುತ್ತಿದ್ದ. ವಿಠೋಬಾ ಮಗ್ಗದ ಕಡೆ ತಿರುಗಿ ನೋಡಿದ.

"ಸಂಜಿ ಆರಕ್ಕ ಬಾರವಾ," ಎಂದ. "ಮನಿ ಸ್ವಚ್ಛ ಇರತೈತಿ."

ಸಾವಿತ್ರೆವ್ವನ ಗದ್ದಲದಲ್ಲಿ ತಡವಾಗಿ ಹೊರಟ ಟೆಂಪೋ ಇನ್ನೂ ಓಣಿಯ ತಿರುವು ದಾಟಿರಲಿಲ್ಲ. ಕರೆದು ನಿಲ್ಲಿಸಿದವನು ವಿಠೋಬಾನೇ. ಮುಕ್ಕಾಲು ಸೀರೆಯನ್ನು ಹಾಗೆಯೇ ಸುತ್ತಿ ಪೆಟ್ಟಿಗೆಗೆ ಹಾಕಿದ. ಬಿಚ್ಚಿದ ಕಂಬದ ಒಂದು ತುದಿಯನ್ನು ಸುಭಾಷ ಹಿಡಿದ, ಇನ್ನೊಂದು ತುದಿಯನ್ನು ಅವನೇ ಹಿಡಿದ. ಶೇವಂತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಉಸರ ಹತ್ತಿದ್ರ, ಕೆಮ್ಮು ಬಂದ್ರ ಕೆಳಗ ಇಟ್ಟಬಿಡ್ರಿ. ಒಂದಿನಾ ತಡದ ಒಯ್ದ್ರೂ ನಡೀತೈತಿ," ಎಂದಳು.

ವಿಠೋಬಾ ಹೊಸ್ತಿಲ ಮೇಲೆ ನಿಂತು ಕಾದ. ಒಂದು ಸಣ್ಣ ಕೆಮ್ಮು ಬಂದರೂ ಸಾಕಿತ್ತು, ಕಂಬ ಕೆಳಗಿಟ್ಟು ಇನ್ನೊಂದು ರಾತ್ರಿ ಮಗ್ಗವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಮೂರು ವಾರ ಬಿಡದೆ ಕಾಡಿದ ಕೆಮ್ಮು ಆಗ ಬರಲೇ ಇಲ್ಲ.